ಗಿಲೀಟಣ್ಣನ ಹೆಸರಿನ ಶೀಸೆ

ಓಣಿಯವರೆಲ್ಲ ಅವನನ್ನು ಗಿಲೀಟಣ್ಣ ಎನ್ನುತ್ತಿದ್ದರು. ಚಿನ್ನವನ್ನು ಪಾದರಸದಲ್ಲಿ ಕಲೆಸಿ, ಬೆಳ್ಳಿಯ ಬಟ್ಟಲಿಗೆ ಸವರಿ, ಒಲೆಯ ಮೇಲೆ ಹಿಡಿದರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನದ ಮೆರುಗು ಉಳಿಯುತ್ತಿತ್ತು. ಅಪ್ಪನಿಂದ ಬಂದ ಕಸುಬು. ಒಲೆ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಯ ಈಚೆಗೇ ಅಡುಗೆಮನೆ. ಹೆಂಡತಿಯ ಕೈ ನಡುಗಿ ಲೋಟ ಜಾರುತ್ತಿತ್ತು, ಒಸಡಿನಲ್ಲಿ ರಕ್ತ ಒಸರುತ್ತಿತ್ತು. “ಕೆಲಸ ಅಂದ್ರೆ ಇವಳಿಗೆ ನಡುಕ,” ಎಂದು ನೆಂಟರ ಎದುರೇ ನಗಾಡಿದ್ದ.

ಗಾಳಿಯಲ್ಲಿ ಪಾದರಸ ಇದೆಯೇ ಎಂದು ಆರೋಗ್ಯ ಕೇಂದ್ರದವರು ಪರೀಕ್ಷಿಸಲು ಬಂದ ದಿನ ಅವನು ಒಲೆ ಹಚ್ಚಲಿಲ್ಲ, ಕಿಟಕಿಗಳನ್ನೆಲ್ಲ ತೆರೆದಿಟ್ಟ. ಗಾಳಿಯಲ್ಲಿ ಏನೂ ಸಿಗಲಿಲ್ಲ. ಮುಂದಿನ ಸಲ ಆ ಕೇಂದ್ರದ ನರ್ಸಮ್ಮ ಅವನ ಹೆಸರು ಬರೆದ ಪುಟ್ಟ ಶೀಸೆ ತಂದಳು.

“ಗಾಳಿ ಬಂದ ದಾರಿಗೆ ಹೋಗಿಬಿಡುತ್ತೆ ಅಣ್ಣಾ. ಮೈಗೆ ಹೊಕ್ಕಿದ್ದು ಮೂತ್ರದಲ್ಲಿ ಗೊತ್ತಾಗುತ್ತೆ. ಬೆಳಿಗ್ಗೆ ಎದ್ದ ತಕ್ಷಣದ್ದು ಹಿಡಿದಿಡಿ.”

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪಾದರಸ ಸಿಕ್ಕರೆ ಒಲೆ ಮುಚ್ಚಿಸುತ್ತಾರೆ. ಬೆಳಿಗ್ಗೆ ಶೀಸೆಯನ್ನು ಹೆಂಡತಿಯ ಕೈಗೆ ತುರುಕಿದ.

“ನೀನು ಒಲೆ ಹತ್ರ ಸುಳಿಯೋಳಲ್ಲ. ನಿಂದೇ ಕೊಡು.”

“ತಪ್ಪಲ್ವೇನ್ರೀ?”

“ಹೊಟ್ಟೆಪಾಡು ಕಣೇ.”

ಅವಳು ಶೀಸೆ ತುಂಬಿಸಿ ತಂದಿಟ್ಟಳು.

ಕೆಲವು ವಾರಗಳ ಮೇಲೆ ನರ್ಸಮ್ಮ ಅವಸರದಲ್ಲಿ ಬಂದಳು. “ಅಣ್ಣಾ, ನಿಮ್ಮ ಮೈಯಲ್ಲಿ ಪಾದರಸ ಸಿಕ್ಕಾಪಟ್ಟೆ ಇದೆ. ಕೈ ನಡುಗುತ್ತಾ? ಒಸಡಲ್ಲಿ ರಕ್ತ ಬರುತ್ತಾ?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಈಗಲೂ ಅವನ ಮಾನ ಕಾಯುತ್ತಿದ್ದಳು. ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ.

“ಅದು ನನ್ನದಲ್ಲ,” ಎಂದ, ತಲೆ ಎತ್ತದೆ. “ಇವಳದು. ನಾನೇ ಕೊಡಿಸಿದೆ.”

ನರ್ಸಮ್ಮ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಹೆಂಡತಿಯನ್ನು ಕೂರಿಸಿ, “ಯಾವಾಗಿಂದ ಅಕ್ಕಾ?” ಎಂದಳು.

“ವರ್ಷದ ಮೇಲಾಯ್ತು. ಹೇಳಿದ್ರೆ ಇವರು ನಗ್ತಿದ್ರು.”

ಅಂದೇ ಒಲೆ ಆರಿತು. ಇಬ್ಬರ ಮೂತ್ರವೂ ಪರೀಕ್ಷೆಗೆ ಹೋಯಿತು, ಅವನದೂ ಕಡಿಮೆಯೇನಿರಲಿಲ್ಲ. ಅವನು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಇಬ್ಬರೂ ಆಸ್ಪತ್ರೆಗೆ ಓಡಾಡಿದರು. ಪ್ರತಿ ಪರೀಕ್ಷೆಯಲ್ಲೂ ಹೆಂಡತಿಯ ಮೈಯ ಪಾದರಸ ಇಳಿಯುತ್ತ ಬಂತು. ನರ್ಸಮ್ಮ ಅದನ್ನು ಹೇಳಿದಾಗಲೆಲ್ಲ ಅವನು ಎದ್ದು ಜಗುಲಿಗೆ ಹೋಗಿಬಿಡುತ್ತಿದ್ದ.

“ಇನ್ನೂ ಮುಖ ಕೊಟ್ಟು ಮಾತಾಡಲ್ವಲ್ಲ ನೀವು,” ಎಂದಳು ಹೆಂಡತಿ ಒಂದು ಮಧ್ಯಾಹ್ನ.

“ಯಾವ ಮುಖ ಇಟ್ಕೊಂಡು ಮಾತಾಡಲಿ?”

“ಇರೋದು ಒಂದೇ ಅಲ್ವಾ. ಅದನ್ನೇ ತೊಳ್ಕೊಂಡು ಊಟಕ್ಕೆ ಬನ್ನಿ.”

ಅವನು ಬಂದು ಕೂತ. ಅವಳು ಬಡಿಸಿದ್ದನ್ನೆಲ್ಲ ತಲೆ ತಗ್ಗಿಸಿಕೊಂಡೇ ಉಂಡ.