ಅಖ್ತರುನ್ನೀಸಾ ಅಕ್ಕನವರೂ ನಾಲ್ಕು ತಾಲೂಕಿನ ಬಳಗವೂ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧದ ಕಿಟಕಿಯ ಹಿಂದೆ ಮೂವತ್ತೈದು ವರ್ಷ ನಿಂತು, ಈಚೆಗೆ ಶಿಗ್ಗಾವಿಯಲ್ಲಿ ನಿವೃತ್ತರಾದ ಶ್ರೀಮತಿ ಅಖ್ತರುನ್ನೀಸಾ ಅವರನ್ನು ಈ ಭಾಗದ ಫಾರ್ಮಾಸಿಸ್ಟರು ಹೆಸರು ಹಿಡಿದು ಕರೆದದ್ದೇ ಇಲ್ಲ. ನಮಗೆಲ್ಲ ಅವರು ಅಕ್ಕಾರು. ಊರಿನ ಜನಕ್ಕೆ ವೈದ್ಯರ ಹೆಸರು ಗೊತ್ತಿರುತ್ತದೆ, ಗುಳಿಗೆ ಕೊಟ್ಟವರ ಹೆಸರನ್ನು ಯಾರೂ ಕೇಳುವುದಿಲ್ಲ. ಹೀಗೆ ಹೆಸರಿಲ್ಲದೆ ದುಡಿಯುವ ನಮ್ಮನ್ನು ಒಂದೆಡೆ ಕೂಡಿಸಿ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಮುಟ್ಟುವಂತೆ ಮಾಡಿದವರು ಅವರು.

ಈ ಅಭಿನಂದನ ಸಂಪುಟಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಕೊನೆಗೊಮ್ಮೆ ಒಪ್ಪಿ, ನನ್ನನ್ನು ಮನೆಗೆ ಕರೆಸಿ, "ವೃಂದಾ, ನೀ ಬರಿಯೂದಾದ್ರ ಇಸಾಕನ ವಿಷಯ ಬಿಡಬ್ಯಾಡ. ಬರೇ ಹೊಗಳಿದ್ರ ಅದು ಸುಳ್ಳಾಕ್ಕೈತಿ" ಎಂದರು. ಅವರ ಮಾತಿಗೆ ತಲೆಬಾಗಿ, ಸಂತೋಷದ ಹೊತ್ತಿನಲ್ಲಿ ಹೇಳಬಾರದೆನ್ನಿಸುವ ಸಂಗತಿಯನ್ನೂ ಇಲ್ಲಿ ಹೇಳುತ್ತಿದ್ದೇನೆ.

ಅಕ್ಕನವರು ಸವಣೂರಿನವರು. ತಂದೆ ಜಮಾಲಸಾಬರದು ವೀಳ್ಯದೆಲೆಯ ವ್ಯಾಪಾರ. ಹೆಣ್ಣುಮಕ್ಕಳನ್ನು ಪರವೂರಿಗೆ ಓದಲು ಕಳಿಸಲು ಓಣಿಯವರು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ, ಅವರು ಮಗಳನ್ನು ಯಲವಿಗಿ ಸ್ಟೇಶನ್ನಿನವರೆಗೆ ತಾವೇ ಸೈಕಲ್ಲಿನ ಮೇಲೆ ಬಿಟ್ಟು, ಹುಬ್ಬಳ್ಳಿಗೆ ರೈಲು ಹತ್ತಿಸಿ, ಡಿ.ಫಾರ್ಮ ಓದಿಸಿದರು. ಮೊದಲ ನೇಮಕ ತಿಳವಳ್ಳಿಯ ಆರೋಗ್ಯ ಕೇಂದ್ರಕ್ಕೆ. ತನಗೆ ಕ್ಷಯವೆಂದು ಊರಿಗೆ ಗೊತ್ತಾದರೆ ಮಗಳ ಮದುವೆ ನಿಂತೀತೆಂದು ಹೆದರಿ, ಗುಳಿಗೆ ಒಯ್ಯಲು ಆಸ್ಪತ್ರೆಯ ಕಡೆಗೇ ಸುಳಿಯದಿದ್ದ ಫಕ್ಕೀರವ್ವನೆಂಬ ತಾಯಿಗೆ, ಅಕ್ಕನವರು ಎಲೆಯ ಕಟ್ಟಿನೊಳಗೆ ಗುಳಿಗೆಯಿಟ್ಟು, ಎಲೆ ಮಾರುವವರ ಮಗಳು ಎಲೆ ಕೊಡಲು ಬಂದಳೆಂಬಂತೆ ತಿಂಗಳುಗಟ್ಟಲೆ ಮನೆಗೆ ಮುಟ್ಟಿಸಿದರೆಂಬುದನ್ನು ಆ ತಾಯಿಯೇ, ಪೂರ್ತಿ ಗುಣವಾದ ಮೇಲೆ, ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಲ್ಲಿಂದ ಹಿರೇಕೆರೂರಿಗೆ ವರ್ಗವಾದಾಗ ಅವರು ರಾಜ್ಯದ ಫಾರ್ಮಾಸಿಸ್ಟರ ದೊಡ್ಡ ಸಂಘದ ಜಿಲ್ಲಾ ಪದಾಧಿಕಾರಿ. ಚಂದಾ ಎತ್ತಲು ಹಳ್ಳಿಹಳ್ಳಿ ತಿರುಗಿದವರು, ಸಮ್ಮೇಳನಕ್ಕೆ ಜನ ಕೂಡಿಸಿದವರು. ಆಗ ಆ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದ ರಾಜೇಸಾಬ ಎಂಬವರು ಕೊಟ್ಟ ಔಷಧದಿಂದ ಕೆಲವರು ವಾಂತಿ ಮಾಡಿಕೊಂಡರು. ಔಷಧವೇ ಕಳಪೆಯಾಗಿ ಸರಬರಾಜಾಗಿತ್ತು. ಅಮಾನತಾದವರು ಮಾತ್ರ ರಾಜೇಸಾಬರು. ಅಕ್ಕನವರು ಸಂಘದ ಬಾಗಿಲು ಬಡಿದರು. ತನಿಖೆ ಮುಗಿಯುವವರೆಗೆ ಸಂಘ ನಡುವೆ ಬರುವುದಿಲ್ಲವೆಂದರು ಹಿರಿಯರು. ತನಿಖೆ ಮುಗಿದು ರಾಜೇಸಾಬರು ನಿರ್ದೋಷಿ ಎಂದಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅಷ್ಟು ದಿನ ಅವರ ಮನೆಯ ಹೊಸ್ತಿಲು ತುಳಿದ ಸಹೋದ್ಯೋಗಿ ಅಕ್ಕನವರೊಬ್ಬರೇ. ರಾಜೇಸಾಬರು ನಿರ್ದೋಷಿ ಎಂದಾದ ವಾರವೇ ಅಕ್ಕನವರು ಸಂಘವನ್ನು ಬಿಟ್ಟರು.

ಬಿಟ್ಟು ಸುಮ್ಮನೆ ಕೂರಲಿಲ್ಲ. ಹಿರಿಯರಾದ ಮಾರೆಪ್ಪನವರನ್ನೂ ಇನ್ನು ಕೆಲವರನ್ನೂ ಕೂಡಿಸಿಕೊಂಡು ನಾಲ್ಕು ತಾಲೂಕಿನ ಫಾರ್ಮಾಸಿಸ್ಟರ ಬಳಗವನ್ನು ಕಟ್ಟಿದರು. ತಿಂಗಳಿಗೊಂದು ರವಿವಾರ, ಒಮ್ಮೆ ಹಾನಗಲ್ಲ, ಒಮ್ಮೆ ಸವಣೂರು ಎಂದು ಸರದಿಯಂತೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂಡುವುದು. ಹೊಸ ಔಷಧಗಳ ವಿಚಾರ ಮಾತಾಡುವುದು. ಯಾರಿಗೆ ಬಾಣಂತನ, ಯಾರಿಗೆ ಮೇಲಿನವರ ಕಾಟ, ಯಾರ ಮನೆಯಲ್ಲಿ ಸಾವು ಎಂದು ವಿಚಾರಿಸಿ ಹೋಗುವುದು. ಇಷ್ಟೇ ಬಳಗದ ಕೆಲಸ. ಇಷ್ಟನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ.

ನಾನು ಗುತ್ತಿಗೆಯ ಮೇಲೆ ಹಾನಗಲ್ಲ ಆಸ್ಪತ್ರೆಗೆ ಬಂದಾಗ ಅಕ್ಕನವರು ಅಲ್ಲಿದ್ದರು. ಸೇರಿದ ಹೊಸತರಲ್ಲೇ ಬೇರೆ ಬೇರೆ ಸಂಘದವರು ಒಬ್ಬರಾದ ಮೇಲೊಬ್ಬರು ಬಂದು ಸದಸ್ಯಳಾಗೆಂದು ಗಂಟುಬಿದ್ದರು. ಯಾವುದಕ್ಕೆ ಸೇರಲೆಂದು ಅಕ್ಕನವರನ್ನು ಕೇಳಿದೆ.

"ಔಷಧ ಅಂಗಡಿಯವರ ಸಂಘ ಅಂಗಡಿ ಇದ್ದವರಿಗೆ ಛಲೋ, ನಿನಗ್ಯಾಕ? ಔಷಧದ ಪತ್ರಿಕೆ ಕಳಸೋ ಸಂಘ ಐತಲ್ಲ, ಅದಕ್ಕ ಸೇರು. ಓದಾಕ ಸಿಗತೈತಿ, ಕಲಿಯೂದು ನಿಲ್ಲಬಾರದು. ಉಳದವರು ಚಂದಾ ಕೇಳಾಕ ಬಂದ್ರ, ನಿಮ್ಮ ಸದಸ್ಯರೊಳಗ ಕಷ್ಟಕ್ಕ ಬಿದ್ದವರ ಮನಿ ಎಲ್ಲೈತಿ ಅಂತ ಕೇಳು. ಮನಿ ಗೊತ್ತಿದ್ರ ಸೇರು."

"ಮತ್ತ ರಾಜ್ಯದ ಸಂಘ, ಅಕ್ಕಾರ?"

ಅವರು ಗುಳಿಗೆಯ ಡಬ್ಬಿಗಳನ್ನು ಜೋಡಿಸತೊಡಗಿದರು. "ಅದನ್ನ ನಾ ಹೇಳಾಂಗಿಲ್ಲ. ನಿನಗ ಬೇಕನಿಸಿದ್ರ ಸೇರು" ಎಂದರು.

ಬೇಡವೆಂದು ಅವರು ಯಾರಿಗೂ ಹೇಳಿದವರಲ್ಲ. ಆದರೆ ಆ ಸಂಘದ ಹೆಸರೆತ್ತಿದಾಗ ಅವರ ಮುಖ ಬಾಡುವುದನ್ನು ನೋಡಿದ ಮೇಲೆ ನಮ್ಮಲ್ಲಿ ಯಾರಿಗೂ ಸೇರಲು ಮನಸ್ಸಾಗಲಿಲ್ಲ.

ದುಂಡಸಿಯ ಆರೋಗ್ಯ ಕೇಂದ್ರದಲ್ಲಿದ್ದ ಇಸಾಕನೂ ನನ್ನಂತೆ ಗುತ್ತಿಗೆಯವನು. ನಗುಮೊಗದವನು, ಬಳಗ ಕೂಡಿದ ದಿನ ಎಲ್ಲರಿಗೂ ತಾನೇ ಚಹಾ ಮಾಡಿ ಕೊಡುತ್ತಿದ್ದವನು. ಅಕ್ಕನವರಿಗೆ ಅವನೆಂದರೆ ಒಡಹುಟ್ಟಿದ ತಮ್ಮನಷ್ಟೇ ಸಲಿಗೆ. ಕೊರೋನಾದ ಎರಡನೆಯ ಅಲೆಯಲ್ಲಿ ರಜೆ ತೆಗೆದುಕೊಳ್ಳದೆ ಕಿಟಕಿಯಲ್ಲಿ ಕುಳಿತವನು ತಾನೇ ಹಾಸಿಗೆ ಹಿಡಿದು, ವಾರದೊಳಗೆ ತೀರಿಕೊಂಡ. ಹೆಂಡತಿ ಗುಲ್ನಾಜ, ಮೂರು ವರ್ಷದ ಮಗಳು ಸುಮೇರಾ ಉಳಿದರು.

ಹಾಗೆ ಕೆಲಸದಲ್ಲಿದ್ದಾಗಲೇ ಸತ್ತ ಗುತ್ತಿಗೆಯವರ ಪರವಾಗಿ ರಾಜ್ಯದ ಸಂಘ ಓಡಾಡಿ, ತನ್ನ ಸದಸ್ಯರ ಕುಟುಂಬಗಳಿಗೆ ಸರ್ಕಾರದ ನೆರವು ಕೊಡಿಸಿತು. ಇಸಾಕನಿಗಾಗಿ ನಮ್ಮ ಬಳಗದವರು ಕಚೇರಿಯಿಂದ ಕಚೇರಿಗೆ ಅಲೆದೆವು. ಮಾನ್ಯತೆಯಿಲ್ಲದ ಬಳಗದ ಮನವಿಯನ್ನು ತೆಗೆದುಕೊಳ್ಳಲಾಗದೆಂದು ಎಲ್ಲೆಡೆ ಹಿಂದಕ್ಕೆ ಕಳಿಸಿದರು. ರಾಜ್ಯದ ಸಂಘದವರನ್ನು ಕೇಳಿದರೆ, ಸದಸ್ಯನಲ್ಲದವನ ವಿಷಯ ಹೇಗೆ ಎತ್ತುವುದೆಂದರು.

ಇದನ್ನು ತಿಳಿಸಲು ಅಕ್ಕನವರು ನನ್ನನ್ನು ಕರೆದುಕೊಂಡು ಬಂಕಾಪುರಕ್ಕೆ, ಗುಲ್ನಾಜಳ ಮನೆಗೆ ಹೋದರು. ಅವರಿಬ್ಬರ ಮನೆಮಾತು ಉರ್ದು. ನನಗೂ ತಿಳಿಯಲೆಂದೋ ಏನೋ, ಗುಲ್ನಾಜ ಕನ್ನಡದಲ್ಲೇ ಮಾತಾಡಿದಳು.

"ಅವರು ಆ ದೊಡ್ಡ ಸಂಘಕ್ಕ ಸೇರಬೇಕಂತ ಮಾಡಿದ್ರು, ಅಕ್ಕಾರ. ಇನ್ನೇನು ಸೇರೇಬಿಡತಿದ್ರು. ಅಕ್ಕಾಗ ಬ್ಯಾಸರಾಕ್ಕೈತಿ ಅಂತ ಬಿಟ್ರು. ನೀವು ಬ್ಯಾಡ ಅಂದಿದ್ರೇನ್ರಿ?"

"ಇಲ್ಲವಾ. ನಾ ಅಂದಿದ್ದಿಲ್ಲ."

"ಸೇರು ಅಂತನೂ ಅಂದಿದ್ದಿಲ್ಲ ಅಲ್ರಿ?"

ಗುಲ್ನಾಜ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಸವಣೂರಿಗೆ ಮರಳುವ ಬಸ್ಸಿನಲ್ಲಿ ಅಕ್ಕನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಊರು ಹತ್ತಿರ ಬಂದಾಗ, "ಸಿಟ್ಟು ನಂದಿತ್ತು ವೃಂದಾ. ಅದನ್ನ ನಿಮ್ಮೆಲ್ಲಾರ ತಲಿಮ್ಯಾಲೆ ಹೊರಿಸಿಬಿಟ್ಟೆ" ಎಂದರು.

ಮರುವಾರ ಅವರು ಹಿರೇಕೆರೂರಿಗೆ, ನಿವೃತ್ತರಾಗಿದ್ದ ರಾಜೇಸಾಬರ ಬಳಿಗೆ ಹೋಗಿ, ಆ ಸಂಘಕ್ಕೆ ತಿರುಗಿ ಹೋಗಲು ಅವರ ಅಪ್ಪಣೆ ಕೇಳಿದರು. ರಾಜೇಸಾಬರು ಆಶ್ಚರ್ಯದಿಂದ, "ನಾ ಅದನ್ನ ಯಾವಾಗೋ ಬಿಟ್ಟುಬಿಟ್ಟೇನಿ. ನೀ ಯಾಕವಾ ಇನ್ನೂ ಹಿಡಕೊಂಡು ಕುಂತಿ?" ಎಂದರಂತೆ. ಅದನ್ನು ನನಗೆ ಹೇಳುವಾಗ ಅಕ್ಕನವರು ನಗಲು ನೋಡಿದರು, ಆಗಲಿಲ್ಲ.

ರಾಜ್ಯದ ಸಂಘದ ನಿಯಮದಂತೆ ನೌಕರರ ಹಿತಕ್ಕೆ ದುಡಿಯುವ ಬೇರೆ ಸಂಘಟನೆಯಲ್ಲಿದ್ದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಬಳಗವನ್ನೇ ಮುಗಿಸಬೇಕೆಂದು ಅವರು ಹಾನಗಲ್ಲಿನಲ್ಲಿ ಕೂಡಿದ ಸಭೆಯ ಮುಂದಿಟ್ಟರು. ಮಾರೆಪ್ಪನವರು ಸಿಟ್ಟಿನಿಂದ ಎದ್ದು ನಿಂತು, "ರಾಜೇಸಾಬನ್ನ ಕೈಬಿಟ್ಟವರ ಬಾಗಿಲಿಗೆ ನಾವ ಹೋಗಿ ನಿಂದರಬೇಕೇನ್ರಿ?" ಎಂದು ಕೇಳಿದರು.

"ನೀವು ನಾನು ಖಾಯಂ ಮಂದಿ, ಮಾರೆಪ್ಪನವರ. ನಾಳೆ ನಾವು ಸತ್ರ ಮನಿಯವರಿಗೆ ಒಂದು ಆಧಾರ ಐತಿ. ಈ ಹುಡುಗರಿಗೆ ಏನೈತ್ರಿ? ಕಷ್ಟಕ್ಕ ಮನಿಗೆ ಹೋಗೂದು ನಮಗ ಬರತೈತಿ. ಸರ್ಕಾರದ ಮುಂದ ಕುಂತು ಕೇಳೂದು ಅವರಿಗೆ ಬರತೈತಿ. ಇದನ್ನ ನಾ ಮೊದಲ ಒಪ್ಪಬೇಕಾಗಿತ್ತು."

ಮಾರೆಪ್ಪನವರು ಕುಳಿತರು. ತಾವು ಕಟ್ಟಿದ ಬಳಗ ಇಂದಿಗೆ ಮುಗಿಯಿತೆಂದು ಅಕ್ಕನವರೇ ಎದ್ದು ನಿಂತು ಹೇಳಿದರು. ಆ ದಿನ ಯಾರೂ ಚಹಾ ಕುಡಿಯಲಿಲ್ಲ.

ರಾಜ್ಯದ ಸಂಘದ ಜಿಲ್ಲಾ ಕಚೇರಿಯಲ್ಲಿ ಅವರನ್ನು ಬಹಳ ಹೊತ್ತು ಕಾಯಿಸಿದರು. ಹಿಂದೆ ಅವರೇ ಕೈಹಿಡಿದು ಕಲಿಸಿದ್ದವರೊಬ್ಬರು ಈಗ ಕುರ್ಚಿಯಲ್ಲಿ ಕುಳಿತು, ಸಂಘ ಬಿಟ್ಟದ್ದು ತಪ್ಪಾಯಿತೆಂದು ಒಪ್ಪಿಕೊಳ್ಳಿರೆಂದರು. "ನಾ ಬಿಟ್ಟದ್ದು ತಪ್ಪಲ್ಲ. ಈ ಹುಡುಗರನ್ನ ಹೊರಗ ಉಳಿಸಿದ್ದು ತಪ್ಪು. ಅಷ್ಟು ಬೇಕಾದ್ರ ಎಲ್ಲಾರ ಮುಂದ ಹೇಳತೇನಿ" ಎಂದರು ಅಕ್ಕನವರು. ಹೇಳಿದರು ಕೂಡ. ನಮ್ಮನ್ನೆಲ್ಲ ಸೇರಿಸಿಕೊಂಡರು.

ಆ ಮೇಲಿನ ವರ್ಷಗಳಲ್ಲಿ ಸದಸ್ಯರಿರಲಿ ಇಲ್ಲದಿರಲಿ, ಎಲ್ಲ ಗುತ್ತಿಗೆಯವರ ಕುಟುಂಬಕ್ಕೂ ನೆರವು ಸಿಗಬೇಕೆಂದು ಸಂಘ ಪಟ್ಟುಹಿಡಿಯುವಂತೆ ಮಾಡಿದವರು, ಪ್ರತಿ ಸಭೆಯಲ್ಲಿ ಅದೊಂದನ್ನೇ ಎತ್ತಿ ಬೇಸರ ತರಿಸಿದವರು ಅಕ್ಕನವರು. ಆದೇಶ ಬಂತು. ಆದರೆ ಹಿಂದೆ ತೀರಿಕೊಂಡವರಿಗೆ ಅದು ಅನ್ವಯಿಸಲಿಲ್ಲ. ಇಂದು ನಾನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತೇನೆ. ಇಸಾಕನ ಮನೆಗೆ ಮಾತ್ರ ಏನೂ ದಕ್ಕಲಿಲ್ಲ.

ಶಿಗ್ಗಾವಿಯ ಬೀಳ್ಕೊಡುಗೆಯ ದಿನ, ಈಗ ಬಂಕಾಪುರದಲ್ಲಿ ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿರುವ ಗುಲ್ನಾಜ, ಯಾರೂ ಕರೆಯದಿದ್ದರೂ ಬಂದಿದ್ದಳು. ಜನವೆಲ್ಲ ಕರಗಿದ ಮೇಲೆ ಹತ್ತಿರ ಬಂದಳು. ಅವಳನ್ನು ಕಂಡದ್ದೇ ಅಕ್ಕನವರ ಕಣ್ಣು ತುಂಬಿತು.

"ಅಳಬ್ಯಾಡ್ರಿ. ಅವರಿಗೆ ನೀವಂದ್ರ ಜೀವ ಇತ್ರಿ" ಎಂದಳು ಗುಲ್ನಾಜ.

ಅದು ಕ್ಷಮೆಯೋ, ಇನ್ನಷ್ಟು ನೋವೋ ನನಗೆ ಇಂದಿಗೂ ತಿಳಿದಿಲ್ಲ. ಅಕ್ಕನವರು ಅವಳ ಎರಡೂ ಕೈಗಳನ್ನು ಹಿಡಿದುಕೊಂಡು, ನಾವು ಗೊತ್ತುಮಾಡಿದ್ದ ಕಾರು ಬಾಗಿಲಲ್ಲಿ ಕಾಯುತ್ತಿದ್ದರೂ, ಬಹಳ ಹೊತ್ತು ನಿಂತೇ ಇದ್ದರು.

ಈಗ ಅವರು ಸವಣೂರಿನ ತಮ್ಮ ಓಣಿಯಲ್ಲಿ, ಸಕ್ಕರೆ ಕಾಯಿಲೆಯ ಮುದುಕರಿಗೆ ಯಾವ ಗುಳಿಗೆ ಯಾವಾಗೆಂದು ತಿಳಿಸಿಕೊಡುತ್ತಾ, ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳಿಗೆ ಪಾಠ ಹೇಳುತ್ತಾ ಇದ್ದಾರೆ. ಆ ಕೆಲಸ ಬಹುಕಾಲ ನಡೆಯಲಿ. ಕಾಲಲ್ಲಿ ಶಕ್ತಿ, ಕಣ್ಣಲ್ಲಿ ಬೆಳಕು ಉಳಿದು, ಅವರು ಇನ್ನೂ ಅನೇಕ ವರ್ಷ ನಮ್ಮ ನಡುವೆ ಬಾಳಲಿ. ರಾಜೇಸಾಬರನ್ನು ಕೈಬಿಟ್ಟವರನ್ನೂ ಕೊನೆಗೆ ಮನ್ನಿಸಿದ ಅಕ್ಕನವರಿಗೆ ತಮ್ಮನ್ನು ತಾವೇ ಮನ್ನಿಸಿಕೊಳ್ಳುವ ದಿನವೂ ಬರಲಿ. ಅದನ್ನು ನೋಡಲು ನಾವೆಲ್ಲ ಇರುವಂತಾಗಲಿ.