ನಾಲ್ಕನೆಯ ಎಳೆತ

ಕರುಣಾಕರಣ್ಣನ ಪುಸ್ತಕದಲ್ಲಿ ಆ ಶನಿವಾರದವರೆಗೆ ನಾನೂರ ಹನ್ನೆರಡು ಸಾಲುಗಳಿದ್ದವು. ಪ್ರತಿ ಸಾಲಿನಲ್ಲಿ ತಾರೀಖು, ಆ ದಿನದ ಉಷ್ಣತೆ, ಮೋಟಾರು ಶುರುವಾಗಲು ಹಗ್ಗವನ್ನು ಎಷ್ಟು ಸಲ ಎಳೆಯಬೇಕಾಯಿತು ಎಂಬ ಅಂಕಿ. ನಾನೊಮ್ಮೆ ಕೂತು ಎಣಿಸಿದ್ದೆ. ಮುನ್ನೂರ ಎಪ್ಪತ್ತೊಂದು ಕಡೆ ಒಂದು. ಉಳಿದ ಕಡೆ ಎರಡು ಅಥವಾ ಮೂರು. ನೂರಕ್ಕೆ ತೊಂಬತ್ತು ಸಲ ಒಂದೇ ಎಳೆತ. ನಾಲ್ಕು ಎಂಬ ಅಂಕಿ ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಮೋಟಾರು ಹದಿನೈದು ಅಶ್ವಶಕ್ತಿಯದು, ಎರಡು ಸಿಲಿಂಡರಿನ ಟೂ-ಸ್ಟ್ರೋಕ್, ವಯಸ್ಸು ಮೂವತ್ತರ ಹತ್ತಿರ. ಲಂಡನ್ನಿನ ಬ್ರೆಂಟ್ ಜಲಾಶಯದ ದಂಡೆಯ ಒಂದು ಹಾಯಿದೋಣಿ ಕ್ಲಬ್ಬಿನಲ್ಲಿ, ನೀರಿಗೆ ಬಿದ್ದವರನ್ನು ಎತ್ತಿ ತರುವ ರಕ್ಷಣಾ ದೋಣಿಯ ಹಿಂಬದಿಗೆ ಅದನ್ನು ಸಿಕ್ಕಿಸಿದ್ದಾರೆ. ಹನ್ನೊಂದು ವರ್ಷಗಳ ಹಿಂದೆ ಕರುಣಾಕರಣ್ಣ ಕೊಲಿಂಡೇಲಿನ ತಮ್ಮ ಫ್ಲ್ಯಾಟಿನಿಂದ ಹೆಂಡತಿ ಸುಗಂಧಿಯ ಜೊತೆ ಅತ್ತ ವಾಕಿಂಗ್ ಹೋಗಿದ್ದಾಗ, ಒಬ್ಬರು ಆ ಹಗ್ಗವನ್ನು ಎಳೆದೆಳೆದು ಬೆವರುತ್ತಿದ್ದರಂತೆ. ಇವರು ಇಪ್ಪತ್ತು ಎಳೆತ ಎಣಿಸಿ, ಆಮೇಲೆ ಬೇಲಿಯ ಈಚೆಯಿಂದಲೇ, "ನಾನೊಂದು ಸಲ ನೋಡಬಹುದೇ?" ಎಂದು ಕೇಳಿದರು. ಸುಗಂಧಿ ಅಕ್ಕ ಈಗಲೂ ಹೇಳುತ್ತಾರೆ: "ಅವತ್ತ್ ಬೇಲಿ ಒಳಗೆ ಹೋದವ್ರ್ ಇನ್ನೂ ಮನಿಗ್ ಬರ್ಲಿಲ್ಲೆ ಕಾಣಿ."

ಕರಾವಳಿಯ ಗಂಗೊಳ್ಳಿಯಲ್ಲಿ ಅವರ ಸೋದರಮಾವನದು ಇಂಥವೇ ಔಟ್‌ಬೋರ್ಡ್ ಮೋಟಾರು ರಿಪೇರಿಯ ಶೆಡ್ಡು. ಅಲ್ಲಿನ ನಾಡದೋಣಿಗಳ ಮೋಟಾರುಗಳು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ಉಪ್ಪುನೀರು, ಮರಳು, ಕಲಬೆರಕೆ ಎಣ್ಣೆ ಎಲ್ಲವನ್ನೂ ಸಹಿಸಿಕೊಂಡ ಇಂಜಿನ್ನುಗಳ ನಡುವೆ ಅವರು ಕೆಲಸ ಕಲಿತರು. ಲಂಡನ್ನಿಗೆ ಬಂದು ಮೊದಲು ಹೋಟೆಲಿನಲ್ಲಿ, ಈಗ ಪಾರ್ಕ್ ರಾಯಲ್‌ನ ದೋಸೆ ಹಿಟ್ಟಿನ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ. ರಜೆಯ ದಿನ ಜಲಾಶಯ.

ಅವರ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಕೆಲಸ ಮುಗಿದ ಮೇಲೆ ಪೆಟ್ರೋಲಿನ ಪೈಪು ಕಳಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಮುಗಿಯುವವರೆಗೆ ಇಂಜಿನ್ ಓಡಿಸುತ್ತಾರೆ. ಒಳಗೆ ನಿಂತ ಪೆಟ್ರೋಲು ಅಂಟಾಗುತ್ತದೆ. ತಣ್ಣೀರು ಎಳೆದುಕೊಳ್ಳುವ ರಬ್ಬರ್ ಚಕ್ರವನ್ನು, ಚೆನ್ನಾಗಿದ್ದರೂ, ಪ್ರತಿ ಮಾರ್ಚಿನಲ್ಲಿ ಬದಲಿಸುತ್ತಾರೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಅದನ್ನು ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿದು ನೋಡುತ್ತಾರೆ. ಕೌನ್ಸಿಲ್ ಕೊಟ್ಟ ಹಳೆಯ ಕಸದ ಡಬ್ಬಿ, ಚಕ್ರಗಳಿರುವ ದೊಡ್ಡದು, ಅವರ ಪ್ರಯೋಗಾಲಯ. ಅದರ ತುಂಬ ನೀರು ತುಂಬಿಸಿ, ಮೋಟಾರನ್ನು ಅಂಚಿಗೆ ತೂಗುಹಾಕಿ ಚಾಲೂ ಮಾಡಿ, ಪಕ್ಕದ ರಂಧ್ರದಿಂದ ನೀರು ಪಿಚಕಾರಿಯಂತೆ ಹಾರುತ್ತಿದೆಯೇ ಎಂದು ಕಾಯುತ್ತಾರೆ. ನಾನು ಅಕ್ಸ್‌ಬ್ರಿಡ್ಜಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮಗಳು ಸಾನ್ವಿ ಹಾಯಿದೋಣಿ ಕಲಿಯಲು ಸೇರಿದ್ದರಿಂದ ಆ ಕ್ಲಬ್ಬಿಗೆ ಹೋದೆ; ಆ ಡಬ್ಬಿಯ ಪಕ್ಕ ನಿಂತ ಮೇಲೆ ಅಲ್ಲೇ ಉಳಿದೆ.

ಈ ವರ್ಷ ಕ್ಲಬ್ಬಿನವರು ಹೊಸ ನಿಯಮ ಮಾಡಿದರು. ಏಪ್ರಿಲಿನಲ್ಲಿ ದೋಣಿಗಳು ನೀರಿಗಿಳಿಯುವ ಮುನ್ನ ರಕ್ಷಣಾ ದೋಣಿಯ ಮೋಟಾರು ಮೂರು ಎಳೆತದೊಳಗೆ ಶುರುವಾಗಬೇಕು. ಆಗದಿದ್ದರೆ, ಅರ್ಧ ಗಂಟೆಯೊಳಗೆ ಕಾರಣ ಹೇಳಿ ತೋರಿಸಿದವರಿಗೆ ಮಾತ್ರ ಇನ್ನೊಂದು ಅವಕಾಶ. ಅದೂ ಆಗದಿದ್ದರೆ ಆ ಮೋಟಾರಿಗೆ ನಿವೃತ್ತಿ. ಮುದಿ ಟೂ-ಸ್ಟ್ರೋಕನ್ನು ಇನ್ನೂ ನಂಬುವುದೇ ಎಂದು ಕೆಲವರು ಮೊದಲಿನಿಂದಲೂ ಗೊಣಗುತ್ತಿದ್ದರು. "ನಾನಿರೂವರಿಗೆ ಅದ್ ಕೈ ಕೊಡ್ತಿಲ್ಲೆ" ಎಂದು ಕರುಣಾಕರಣ್ಣ ಅವರೆದುರು ಮಾತು ಕೊಟ್ಟಿದ್ದರು.

ಪರೀಕ್ಷೆಯ ದಿನ, ಆ ಶನಿವಾರ, ಅವರಿಗೆ ಬೆಳಗಿನ ಪಾಳಿ. ಮೊದಲೇ ಹೋಗಿ ಎಲ್ಲ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. ಶೆಡ್ಡಿನಲ್ಲಿ ಪೆಟ್ರೋಲಿನ ಎರಡು ಕ್ಯಾನುಗಳಿದ್ದವು, ಕೆಂಪು ಮತ್ತು ಹಸಿರು; ಮೇಲೆ ಏನೂ ಬರೆದಿರಲಿಲ್ಲ. ಅವರು ಹೇಳಿದ್ದಂತೆ ಕೆಂಪು ಕ್ಯಾನಿನ ಹತ್ತು ಲೀಟರನ್ನು ದೋಣಿಯ ಟ್ಯಾಂಕಿಗೆ ಸುರಿದೆ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು ಬಂತು. ಹಿಂದೆ ರುಬ್ಬುವ ಯಂತ್ರದ ಗದ್ದಲ.

"ಹ್ವಾಯ್ ವೀರಭದ್ರರೇ, ಟ್ಯಾಂಕಿಗ್ ಎಣ್ಣಿ ಹಾಕಿದ್ರ್ಯಾ?"

ಟೂ-ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ಲಿನ ಪ್ರತ್ಯೇಕ ಜಾಗ ಇಲ್ಲ. ಪೆಟ್ರೋಲಿಗೇ ಬೆರೆಸಬೇಕು, ಐವತ್ತು ಪಾಲಿಗೆ ಒಂದು ಪಾಲು.

"ಇಲ್ರಿ ಅಣ್ಣಾ, ಮರ್ತೇ ಬಿಟ್ಟಿದ್ದೆ! ಈಗ ಹಾಕ್ತೇನ್ರಿ."

"ಹಾಕಿ ಮಾರಾಯ್ರೆ. ಎಣ್ಣಿ ಇಲ್ದೆ ಇಂಜಿನ್ ಓಡೂದ್ ಹ್ಯಾಂಗೆ?"

ಕಪಾಟಿನಲ್ಲಿ ಆಯಿಲ್ಲಿನ ಬಾಟಲಿ ಇತ್ತು. ಲ್ಯಾಬಿನಿಂದ ತಂದಿಟ್ಟಿದ್ದ ಅಳತೆಯ ಜಾಡಿಯಲ್ಲಿ ಸರಿಯಾಗಿ ಇನ್ನೂರು ಮಿಲಿಲೀಟರ್ ಅಳೆದು ಟ್ಯಾಂಕಿಗೆ ಹಾಕಿದೆ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಎರಡು ಗಂಟೆಗೆ ಕರುಣಾಕರಣ್ಣ ಬಂದರು. ಅಂಗಿಯ ತೋಳಿಗೆ ಹಿಟ್ಟು ಮೆತ್ತಿತ್ತು. ಕ್ಲಬ್ಬಿನ ಸುರಕ್ಷತೆಯ ಹೊಣೆ ಶೀತಲ್‌ಳದು. ಅವಳು ಉಡುಪಿಯ ಕಡೆಯ ಮನೆಯ ಹುಡುಗಿ, ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಹಾಳೆ ಹಿಡಿದು ದಂಡೆಯಲ್ಲಿ ನಿಂತಳು. ಗೊಣಗುತ್ತಿದ್ದವರೂ ನಾಲ್ಕು ಜನ ಬಂದಿದ್ದರು.

ಮೊದಲ ಎಳೆತಕ್ಕೆ ಮೋಟಾರು ಕೆಮ್ಮಿ, ನೀಲಿ ಹೊಗೆ ಉಗುಳಿ ನಿಂತಿತು. ಎರಡನೆಯದಕ್ಕೆ ಬರೀ ಕೆಮ್ಮು. ಮೂರನೆಯದಕ್ಕೆ ಅದೂ ಇಲ್ಲ.

"ದಟ್ಸ್ ತ್ರೀ, ಅಂಕಲ್," ಎಂದಳು ಶೀತಲ್. ದನಿಯಲ್ಲಿ ಬೇಸರವಿತ್ತು, ಆದರೂ ಗಡಿಯಾರ ನೋಡಿ ಸಮಯ ಬರೆದುಕೊಂಡಳು.

ಕರುಣಾಕರಣ್ಣ ನಾಲ್ಕನೆಯ ಸಲ ಹಗ್ಗ ಮುಟ್ಟಲಿಲ್ಲ. ಕಿಡಿ ಹಾರಿಸುವ ಎರಡೂ ಪ್ಲಗ್ ಬಿಚ್ಚಿದರು. ತುದಿ ಕರಿಹಿಡಿದು, ಒದ್ದೆಯಾಗಿ ಮಿನುಗುತ್ತಿತ್ತು. ಮೂಸಿ ನೋಡಿದರು. ನಂತರ ಒಂದು ಹಳೆಯ ಪತ್ರಿಕೆ ತರಿಸಿ, ಅದರ ಮೇಲೆ ಟ್ಯಾಂಕಿನಿಂದ ಒಂದು ಹನಿ, ಕೆಂಪು ಕ್ಯಾನಿನ ತಳದಲ್ಲಿ ಉಳಿದಿದ್ದುದರಿಂದ ಒಂದು ಹನಿ ಬಿಟ್ಟು, ಕೈಕಟ್ಟಿ ಕೂತರು.

"ಏನ್ ಕಾಯಾಕತ್ತೀರಿ?" ಎಂದೆ.

"ಪೆಟ್ರೋಲ್ ಹಾರಿ ಹೋತ್ತ್. ಆಯ್ಲ್ ಎಲ್ಲಿಗ್ ಹೋತ್ತ್? ಕಾಂಬ."

ಐದು ನಿಮಿಷದಲ್ಲಿ ಪೆಟ್ರೋಲು ಆರಿತು. ಕ್ಯಾನಿನ ಹನಿಯ ಜಾಗದಲ್ಲಿ ಸಣ್ಣ ಜಿಡ್ಡಿನ ಕಲೆ ಉಳಿದಿತ್ತು. ಟ್ಯಾಂಕಿನ ಹನಿಯ ಕಲೆ ಅದಕ್ಕಿಂತ ದೊಡ್ಡದು, ದಟ್ಟ. ಇಷ್ಟು ವರ್ಷ ಲ್ಯಾಬಿನಲ್ಲಿ ಕಳೆದ ನನಗೆ ಅದಕ್ಕಿಂತ ಸ್ಪಷ್ಟವಾದ ಫಲಿತಾಂಶ ನೋಡಿದ ನೆನಪಿಲ್ಲ. ಕ್ಯಾನಿನ ಹನಿಯೂ ಕಲೆ ಬಿಟ್ಟಿದೆ ಎಂದರೆ, ಕ್ಯಾನಿನಲ್ಲಿ ಮೊದಲೇ ಆಯಿಲ್ ಇತ್ತು.

"ಇದಕ್ ಎರಡ್ ಸಲ ಆಯ್ಲ್ ಬಿದ್ದಿತ್ತ್," ಎಂದರು ಕರುಣಾಕರಣ್ಣ. "ಕೆಂಪು ಕ್ಯಾನಂಗೆ ನಾನೇ ಬೆರ್ಸಿ ಇಟ್ಟಿದ್ದೆ. ಮತ್ತೆ ಯಾರ್ ಹಾಕಿದ್ದ್?"

"ನಾನರಿ! ಫೋನಿನ್ಯಾಗ ನೀವ ಅಂದ್ರೆಲ್ಲ, ಎಣ್ಣಿ ಹಾಕ್ರಿ ಅಂತ!"

"ಹ್ವಾಯ್! ಎಣ್ಣಿ ಅಂದ್ರೆ ಎಣ್ಣಿ ಮಾರಾಯ್ರೆ, ಇಂಜಿನ್ ಕುಡಿಯೂದ್! ನೀವ್ ಹಾಕಿದ್ದ್ ಆಯ್ಲ್ ಅಲ್ದಾ?"

"ನಮ್ಮ ಧಾರವಾಡದಾಗ ಆಯಿಲ್ಗೇ ಎಣ್ಣಿ ಅಂತಾರ್ರಿ!"

ಗಂಗೊಳ್ಳಿಯ ಶೆಡ್ಡಿನಲ್ಲಿ ಪೆಟ್ರೋಲು, ಸೀಮೆಎಣ್ಣೆ, ಇಂಜಿನ್ ಕುಡಿಯುವುದಕ್ಕೆಲ್ಲ ಹೆಸರು ಎಣ್ಣಿ; ಕೆಂಪು ಕ್ಯಾನಿನದನ್ನು ಸುರಿದಿರಾ ಎಂದಷ್ಟೇ ಅವರು ಕೇಳಿದ್ದರು. ಅವರೂ ಎಣ್ಣಿ ಎನ್ನುತ್ತಾರೆ, ನಾನೂ ಎಣ್ಣಿ ಎನ್ನುತ್ತೇನೆ; ಉಚ್ಚಾರ ಕೂಡ ಒಂದೇ. ಬೇರೆ ಬೇರೆ ಪದವಾಗಿದ್ದರೆ ಒಬ್ಬರಾದರೂ ತಿರುಗಿ ಕೇಳುತ್ತಿದ್ದೆವು. ನಾನು ಅಳತೆಯಲ್ಲಿ ತಪ್ಪಲಿಲ್ಲ, ಪದದಲ್ಲಿ ತಪ್ಪಿದೆ.

ಶೀತಲ್ ಹಾಳೆಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಗು ನಿಂತ ಮೇಲೆ ಆ ಎರಡು ಕಲೆಗಳನ್ನು ಬಗ್ಗಿ ನೋಡಿ, ಫೋಟೋ ತೆಗೆದುಕೊಂಡು, ಕಾರಣ ತೋರಿಸಿದ್ದಾಯಿತು ಎಂದು ಬರೆದಳು. ಇನ್ನು ಹತ್ತೊಂಬತ್ತು ನಿಮಿಷ ಉಳಿದಿತ್ತು.

"ಈಗ ನಿಮ್ ಲೆಕ್ಕ ಹೇಳಿ ಕಾಂಬ, ಬಿ.ಎಸ್ಸಿ.," ಎಂದರು ಕರುಣಾಕರಣ್ಣ.

ಲೆಕ್ಕ ಸುಲಭವಿತ್ತು. ಆಯಿಲ್ ಎರಡರಷ್ಟಾಗಿದೆ. ಪೆಟ್ರೋಲನ್ನೂ ಎರಡರಷ್ಟು ಮಾಡಿದರೆ ಮತ್ತೆ ಐವತ್ತಕ್ಕೆ ಒಂದು. ಹಸಿರು ಕ್ಯಾನಿನಲ್ಲಿ ಏನೂ ಬೆರೆಸದ ಪೆಟ್ರೋಲು ಹತ್ತು ಲೀಟರ್ ಇತ್ತು, ಟ್ಯಾಂಕಿನಲ್ಲಿ ಜಾಗವೂ ಇತ್ತು. ಸುರಿದು ಚೆನ್ನಾಗಿ ಕಲಕಿದೆವು. ಅವರು ಕಾರ್ಬ್ಯುರೇಟರಿನಲ್ಲಿ ನಿಂತದ್ದನ್ನು ಬಸಿದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹೊಸ ಪ್ಲಗ್ಗುಗಳನ್ನು ಕೈಯಿಂದ ತಿರುಗಿಸಿ ಕೂರಿಸಿ, ಕೊನೆಯ ಕಾಲು ಸುತ್ತನ್ನು ಮಾತ್ರ ಸ್ಪ್ಯಾನರಿನಿಂದ ಬಿಗಿಮಾಡಿದರು. ಅವಸರವೇನೂ ಕಾಣಲಿಲ್ಲ. ಕೈ ಒರೆಸಿಕೊಂಡು, ಹಗ್ಗದ ಹಿಡಿಯನ್ನು ಮೆಲ್ಲಗೆ ಬಿಗಿಯಾಗುವವರೆಗೆ ಎಳೆದು, ಒಮ್ಮೆ ಉಸಿರು ಬಿಟ್ಟರು.

ಒಂದೇ ಎಳೆತ. ಇಂಜಿನ್ ಸ್ವಲ್ಪ ಹೊಗೆ ಬಿಟ್ಟು, ತಡವರಿಸಿ, ದನಿ ನೆಟ್ಟಗಾಯಿತು. ಪಕ್ಕದಿಂದ ನೀರಿನ ಪಿಚಕಾರಿ ಹಾರಿತು. ದೋಣಿ ಜಲಾಶಯದ ನಡುವಿನ ಕಿತ್ತಳೆ ಬಣ್ಣದ ತೇಲುಗುರುತಿನವರೆಗೆ ಹೋಗಿ, ಪರೀಕ್ಷೆಗೆಂದು ಮನುಷ್ಯನ ಬದಲು ನೀರಿಗೆಸೆದಿದ್ದ ಗೊಂಬೆಯನ್ನು ಎತ್ತಿಕೊಂಡು ಎರಡು ನಿಮಿಷದೊಳಗೆ ತಿರುಗಿ ಬಂತು. ಗೊಣಗುತ್ತಿದ್ದ ನಾಲ್ವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಶೀತಲ್ ಈ ವರ್ಷಕ್ಕೆ ಸಹಿ ಹಾಕಿದಳು. ಆಮೇಲೆ, ಪತ್ರಿಕೆಯ ಮೇಲೆ ಹನಿ ಬಿಡುವ ಪರೀಕ್ಷೆಯನ್ನು ಕ್ಲಬ್ಬಿನ ಸುರಕ್ಷತಾ ಕಡತದಲ್ಲಿ ಸೇರಿಸುವುದಾಗಿ ಹೇಳಿ, ಅದಕ್ಕೇನು ಹೆಸರಿಡಲಿ ಎಂದು ಕೇಳಿದಳು. ಕರುಣಾಕರಣ್ಣ ಕೈ ಅಲ್ಲಾಡಿಸಿ, "ಅದಕ್ಕೆಂತ ಹೆಸ್ರ್, ಮಗಾ" ಎಂದರು. ಅವಳು ಅವರ ಹೆಸರನ್ನೇ ಬರೆದಳು.

ಶೆಡ್ಡಿಗೆ ಬಂದು ಅವರು ಪುಸ್ತಕ ತೆರೆದಾಗ ನಾನು ಹೇಳಿದೆ: "ಒಂದು ಅಂತ ಬರೀರಿ ಅಣ್ಣಾ. ಮೊದಲಿನ ಮೂರು ನನ್ನ ತಪ್ಪು, ಮೋಟಾರಿಂದಲ್ಲ."

"ಎಳ್ದದ್ ಎಷ್ಟ್ ಸಲ?"

"ನಾಕು."

"ಹಂಗಾರ್ ನಾಕೇ. ಇದೊಂದ್ ಸುಳ್ ಬರದ್ರೆ, ಒಂದ್ ಅಂತ ಬರದದ್ ಮುನ್ನೂರ್ ಚಿಲ್ಲರೆಯನ್ನ್ ಯಾರ್ ನಂಬ್ತ್ರ್?"

ನಾನೂರ ಹದಿಮೂರನೆಯ ಸಾಲಿನಲ್ಲಿ ತಾರೀಖು, ಹನ್ನೊಂದು ಡಿಗ್ರಿ, ನಾಲ್ಕು ಎಂದು ಬರೆದರು. ಷರಾ ಎಂಬ ಕಡೆ ಸ್ವಲ್ಪ ಯೋಚಿಸಿ, "ಮೋಟಾರು ಸರಿ. ಕನ್ನಡ ಎರಡು" ಎಂದು ಸೇರಿಸಿದರು. ನಂತರ ಬಿಳಿಯ ಪಟ್ಟಿ ಹರಿದು ಕೆಂಪು ಕ್ಯಾನಿಗೆ ಅಂಟಿಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ನಿಮಗೆ ತಿಳೂ ಹಾಂಗೆ ನೀವೇ ಬರಿನಿ."

ನಾನು ದೊಡ್ಡ ಅಕ್ಷರದಲ್ಲಿ ಬರೆದೆ: ಆಯಿಲ್ ಬೆರೆಸಿದೆ. ಅವರು ಅದನ್ನು ದೂರದಿಂದ ಓದಿ ನೋಡಿ, ತಲೆಯಾಡಿಸಿ, ಪೆಟ್ರೋಲಿನ ಪೈಪು ಕಳಚಲು ಮತ್ತೆ ದೋಣಿಯತ್ತ ನಡೆದರು.