ತಗ್ಗಿದ ಷಡ್ಜ

ಮೊನ್ನೆ ನಂಜನಗೂಡಿನ ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಜೇಷ್ಠಮಧು ಕೊಂಡೆ. ಪೊಟ್ಟಣ ಬಿಚ್ಚಿದ್ದೇ ತಡ, ಆ ಒಗರು ಸಿಹಿಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಸಂಗೀತದ ಟೀಚರ್ ಹತ್ತಿರ ಕೂತರೆ ಬರುತ್ತಿದ್ದ ವಾಸನೆ ಅದು.

ತಿ. ನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಅವರ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ನಾವೊಂದಷ್ಟು ಹುಡುಗಿಯರು ಸಂಜೆ ಹೊತ್ತು ಸರಳೆ ವರಸೆ ಹಾಡುತ್ತಿದ್ದೆವು. ಟೀಚರ್ ಬೋರ್ಡಿನ ಮೇಲೆ ಸ ರಿ ಗ ಮ ಬರೆದು, ಮೇಲಿನ ಸ್ಥಾಯಿಯ ಸ್ವರಕ್ಕೆ ತಲೆಯ ಮೇಲೊಂದು ಚುಕ್ಕಿ, ಕೆಳಗಿನದಕ್ಕೆ ಕಾಲಡಿಗೊಂದು ಚುಕ್ಕಿ ಇಡುತ್ತಿದ್ದರು. ಸ್ವರ ಎಳೆಯಬೇಕಾದ ಕಡೆ ಅಲ್ಪವಿರಾಮ. ತಪ್ಪಿದವರ ಮೇಲೆ ಸೀಮೆಸುಣ್ಣದ ಚೂರು ಹಾರಿ ಬರುತ್ತಿತ್ತು.

"ಸ, ಪ ಎರಡೂ ಅಲ್ಲಾಡಂಗಿಲ್ಲ ಕಣ್ರೇ. ಮಿಕ್ಕಿದ್ದು ಮೇಲಕ್ಕೋ ಕೆಳಕ್ಕೋ ಓಗ್ಲಿ" ಎನ್ನುತ್ತಿದ್ದರು.

ನಮ್ಮ ಸ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದದ್ದು ಕರೆಂಟಿನ ಪುಟ್ಟ ಶ್ರುತಿಪೆಟ್ಟಿಗೆ. ಅದಕ್ಕೆ ಹೂವಿಟ್ಟು, ಗುಂಡಿ ತಿರುಗಿಸಿ ಹಚ್ಚುವುದು ಅವರ ಯಜಮಾನರ ಕೆಲಸ. ತಾಲ್ಲೂಕು ಕಚೇರಿಯಿಂದ ಬಂದು ಕೈಕಾಲು ತೊಳೆದವರೇ ಮೊದಲು ಅದನ್ನು ಮಾಡುತ್ತಿದ್ದರು. ಗುಂಡಿಯ ಸುತ್ತಲಿನ ಸಣ್ಣ ಅಂಕಿ ಕಾಣುವುದಿಲ್ಲವೆಂದು ಟೀಚರ್ ಮುಟ್ಟುತ್ತಲೇ ಇರಲಿಲ್ಲ.

ಒಂದು ವರ್ಷ ವಿಚಿತ್ರವೊಂದು ನಡೆಯಿತು. ಕತ್ತು ಚಾಚಿದರೂ ಎಟುಕದಿದ್ದ ಮೇಲಿನ ಸ ನಮಗೆಲ್ಲ ಸಲೀಸಾಗಿ ಸಿಗತೊಡಗಿತು. ಕಲಿತುಬಿಟ್ಟೆವೆಂದು ಬೀಗಿದೆವು. ಆದರೆ ಮೊದಲು ಮುಟ್ಟುತ್ತಿದ್ದ ಕೆಳಗಿನ ಪ ಬರೀ ಗಾಳಿಯಾಗಿ ಹೋಗುತ್ತಿತ್ತು. ಟೀಚರ್ ಜೇಷ್ಠಮಧು ಅಗಿಯುವುದು ಹೆಚ್ಚಾಯಿತು. ಪಾಠದ ನಡುವೆ ಗಂಟಲು ಹಿಡಿದುಕೊಂಡು ಸುಮ್ಮನಾಗುವರು... ಪೆಟ್ಟಿಗೆ ಮಾತ್ರ ಗುಂಯ್‌ಗುಡುತ್ತಲೇ ಇರುತ್ತಿತ್ತು. ಆಗ ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೀತಿ ಕಂಡರೆ ನನಗೆ ಭಯವಾಗುತ್ತಿತ್ತು.

ನಂಜನಗೂಡಿನಲ್ಲಿ ನಮ್ಮದೊಂದು ಕಾರ್ಯಕ್ರಮ. ಪಿಟೀಲಿಗೆ ಮೈಸೂರಿನಿಂದ ಬಂದಿದ್ದವರು ನಮ್ಮ ಪೆಟ್ಟಿಗೆಗೆ ಹೊಂದಿಸಲು ತಂತಿ ಇಳಿಸಿ ಇಳಿಸಿ ಸಾಕಾಗಿ ನಕ್ಕರು.

"ಏನಮ್ಮಾ, ಇದು ಗಂಡಸರು ಹಾಡೋ ಶ್ರುತಿ. ಹೆಣ್ಣುಮಕ್ಕಳಿಗೆ ಇಷ್ಟು ಕೆಳಗೆ ಇಡ್ತಾರಾ?"

ಟೀಚರ್ ಪಕ್ಕದವರ ಕನ್ನಡಕ ಇಸಿದುಕೊಂಡು ಬಗ್ಗಿ ಅಂಕಿ ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿದರು. ಹೆಂಡತಿಯ ದನಿ ಕುಸಿದಂತೆಲ್ಲ ಅವರು ಒಂದೊಂದೇ ಎಳೆ ಶ್ರುತಿ ಇಳಿಸುತ್ತ ಬಂದಿದ್ದರು. ಪೆಟ್ಟಿಗೆಯೇ ಜೊತೆಗೆ ಇಳಿಯುತ್ತಿದ್ದರೆ ತನ್ನ ಸ ಜಾರುತ್ತಿದೆಯೆಂದು ಆಕೆಗೆ ತಿಳಿಯುವುದಾದರೂ ಹೇಗೆ?

"ಎಷ್ಟು ದಿನದಿಂದ?" ಎಂದರು ಟೀಚರ್. ಯಜಮಾನರು ಬಗ್ಗಿ ಪೆಟ್ಟಿಗೆ ಆರಿಸಿದರು.

ಟೀಚರ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಮೈಸೂರಿನ ಡಾಕ್ಟರು ಕೇಳಿದರಂತೆ. ಮುಂದಿನ ಬೇಸಿಗೆಯ ಹೊತ್ತಿಗೆ ಟೀಚರ್ ಇರಲಿಲ್ಲ.

ಯಜಮಾನರು ಈಗ ತಾಂಡವಪುರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಮೊನ್ನೆ ಅಂಗಡಿಯಿಂದ ಸೀದಾ ಅಲ್ಲಿಗೇ ಹೋದೆ, ಇಷ್ಟು ವರ್ಷದ ಸಿಟ್ಟು ಹೊತ್ತುಕೊಂಡು.

"ಬರೀ ದಣಿವು ಅಂದ್ಕಂಡಿದ್ದೆ ಕಣವ್ವ. ದನಿ ಓಯ್ತಾದೆ ಅಂತ ಅವ್ಳು ಎದ್ರಬಾರ್ದು ಅಂತ..." ಎಂದರು. ಬಯ್ಯಲೆಂದು ಹೋದವಳು ಅವರ ತಮ್ಮನ ಹೆಂಡತಿ ತಂದ ಕಾಫಿ ತೆಗೆದುಕೊಂಡೆ.

ಅವರು ತಮ್ಮ ಕಾಫಿ ಲೋಟ ಕೆಳಗಿಟ್ಟು, "ಅವ್ಳು ಆಡ್ತಿದ್ದ ದನಿ ನಿಂಗೆ ನೆನಪೈತಾ?" ಎಂದು ಕೇಳಿದರು. ಇದೆ ಎಂದೆ.

ಮನೆಗೆ ಬಂದು ಕಣ್ಣು ಮುಚ್ಚಿ ಕೂತೆ. ಕೇಳಿಸಿದ್ದು ಕೊನೆಗಾಲದ ಆ ತಗ್ಗಿದ ದನಿಯೊಂದೇ. ಅವರ ನಿಜವಾದ ದನಿ, ಮೊದಲ ದಿನ ನನಗೆ ಸ ಹೇಳಿಕೊಟ್ಟದ್ದು... ಎಷ್ಟು ಹುಡುಕಿದರೂ ಸಿಗಲಿಲ್ಲ.